ಪದ ಬೇಕು: ‘ಎತೂಪ್’ ಬಣ್ಣಕ್ಕೆ ಕನ್ನಡದಲ್ಲಿ ಏನನ್ನೋಣ? (ಇವತ್ತು ಸಂಜೆಯೊಳಗೆ)

ಅನುವಾದಕಿ, ಬೆಂಗಳೂರು:
ಎಲ್ಲರಿಗೂ ನಮಸ್ಕಾರ. ಸ್ವಲ್ಪ ಅರ್ಜೆಂಟ್. ಒಂದು ಮಹಿಳಾ ಪತ್ರಿಕೆಗೆ ಲೇಖನ ಅನುವಾದ ಮಾಡುತ್ತಿದ್ದೇನೆ. ದುಬಾರಿ ಹ್ಯಾಂಡ್‌ಬ್ಯಾಗ್ ಜೀವನದಲ್ಲಿ ಒಂದೇ ಒಂದು ಕೊಳ್ಳುವುದಾದರೆ ಯಾವ ಬಣ್ಣದ್ದು ಕೊಳ್ಳಬೇಕು ಅಂತ. ಪ್ಯಾರಿಸ್ಸಿನ ಎರ್ಮೆಸ್ ಕಂಪನಿಯ ಬರ್ಕಿನ್ ಬ್ಯಾಗಿನ ಮೂರು ಬಣ್ಣ ಹೋಲಿಸಿದ್ದಾರೆ: ಎತೂಪ್, ಎತಾಂ, ಗೋಲ್ಡ್. ಲೇಖಕಿಯ ಓಟು ಎತೂಪ್‌ಗೆ. ಕಪ್ಪು ಚಪ್ಪಲಿಗೂ ಹೊಂದುತ್ತದೆ, ಕಂದು ಚಪ್ಪಲಿಗೂ ಹೊಂದುತ್ತದೆ ಅನ್ನುವುದು ಅವಳ ಕಾರಣ. ಬಣ್ಣ ಅತ್ತ ಬೂದೂ ಅಲ್ಲ, ಇತ್ತ ಕಂದೂ ಅಲ್ಲ. ಬೂದಿಗೆ ಒಂದು ಚಮಚ ಡಿಕಾಕ್ಷನ್ ಬಿಟ್ಟ ಹಾಗೆ. ಅಂಚಿನಲ್ಲಿ ಬಿಳಿ ದಾರದ ಹೊಲಿಗೆ ಎದ್ದು ಕಾಣುತ್ತದೆ.

ನಾನು ‘ಬೆಚ್ಚಗಿನ ತಟಸ್ಥ ಬಣ್ಣ’ ಅಂತ ಬರೆದಿದ್ದೆ. ಓದಿ ನೋಡಿದರೆ ಹವಾಮಾನ ವರದಿಗೂ ವಿದೇಶಾಂಗ ನೀತಿಗೂ ಮದುವೆ ಮಾಡಿಸಿದ ಹಾಗಿದೆ. 5 ಗಂಟೆಗೆ ಪುಟ ಹೋಗುತ್ತದೆ. ದಯವಿಟ್ಟು.

ನಿಘಂಟುಪ್ರಿಯ, ಮೈಸೂರು:
‘ಬೆಚ್ಚಗಿನ’ ತೆಗೆಯಿರಿ. ಕಂದು ಅಂದರೇ ಶಾಖ. ಅದು ಮೊದಲು ಕ್ರಿಯಾಪದ. ಬಿಸಿಲಿಗೆ ಮುಖ ಕಂದಿತು ಅನ್ನುವುದಿಲ್ಲವೇ? ಕಾದು, ಬಾಡಿ ಬಂದ ಬಣ್ಣವೇ ಕಂದು. 1894ರ ಕಿಟೆಲ್ ನಿಘಂಟು ತೆಗೆದು ನೋಡಿ. ‘ಬೂದುಗಂದು’ ಅನ್ನಿ, ಮುಗಿಯಿತು.

ಅಚ್ಚಗನ್ನಡ, ಶಿವಮೊಗ್ಗ:
ಬೂದು ಬೇಡ. ಅದು ‘ಭೂತಿ’ಯ ತದ್ಭವ. ‘ತಟಸ್ಥ’ದ ಬಗ್ಗೆ ಹೇಳುವುದೇ ಬೇಡ. ‘ನಸುಗಂದು’ ಸಾಕು.

ನಿಘಂಟುಪ್ರಿಯ:
ತೆಲುಗಿನ ಬೂಡಿದ, ತಮಿಳಿನ ಪೂೞಿ ನೋಡಿಕೊಂಡು ಬಂದು ಮಾತಾಡಿ. ಕಂಡದ್ದೆಲ್ಲ ತದ್ಭವ ಅಲ್ಲ ಸ್ವಾಮಿ. ನಿಮ್ಮ ಲೆಕ್ಕದಲ್ಲಿ ‘ಬಣ್ಣ’ವೂ ‘ವರ್ಣ’ದಿಂದ ಬಂದದ್ದೇ. ಅದನ್ನು ಬಿಟ್ಟು ಬರೆಯಿರಿ ನೋಡೋಣ.

ಅಚ್ಚಗನ್ನಡ:
ಬಿಟ್ಟೇ ಬರೆದಿದ್ದೇನೆ. ನಸುಗಂದು. ಎಲ್ಲಿದೆ ಬಣ್ಣ?

ಸೀರೆ ಅಂಗಡಿ, ದಾವಣಗೆರೆ:
ಇಬ್ಬರೂ ಒಂದು ಶ್ರಾವಣದಲ್ಲಿ ನಮ್ಮ ಅಂಗಡಿಗೆ ಬಂದು ಅರ್ಧ ಗಂಟೆ ಕೂತುಕೊಳ್ಳಿ. ಹೆಂಗಸರು ಕೇಳುವುದು ಬಿಸ್ಕತ್ ಕಲರ್, ಈರುಳ್ಳಿ ಸಿಪ್ಪೆ ಕಲರ್, ಸ್ಯಾಂಡಲ್ ಕಲರ್. ಇಷ್ಟು ವರ್ಷದಲ್ಲಿ ಒಬ್ಬ ಅಕ್ಕನೂ ‘ನಸುಗಂದು ತೋರಿಸಿ’ ಅಂದಿಲ್ಲ. ಬಿಸ್ಕತ್ ಕಲರ್ ಅಂತ ಹಾಕಿ ಮೇಡಂ.

ಅನುವಾದಕಿ:
ಬಿಸ್ಕತ್ತು ತೀರಾ ತಿಳಿ ಆಯಿತು ಅಣ್ಣಾ. ಅದೂ ಅಲ್ಲದೆ ಅದೇ ಕಂಪನಿಯಲ್ಲಿ ಬಿಸ್ಕತ್ತಿನ ಹೆಸರಿನದೇ ಬೇರೆ ಬಣ್ಣ ಇದೆ. ಆದರೆ ನಿಮ್ಮ ದಾರಿ ನನಗೆ ಹಿಡಿಸಿತು. ಕಣ್ಣಿಗೆ ಕಾಣುವ ವಸ್ತುವಿನ ಹೆಸರು ಬೇಕು.

ದೂರದವನು, ಲಿಯೋನ್:
ತಡವಾಗಿ ನೋಡಿದೆ. ಎತೂಪ್ ವಸ್ತುವಿನ ಹೆಸರೇ. ಅಗಸೆ ಅಥವಾ ಸಣಬಿನ ನಾರು ಬಾಚಿದಾಗ ಉದ್ದ ಎಳೆ ನೂಲಿಗೆ ಹೋಗುತ್ತದೆ. ಬಾಚಣಿಗೆಗೆ ಸಿಕ್ಕಿ ಉಳಿಯುವ ಗಿಡ್ಡ ನಾರಿನ ಉಂಡೆ ಇದೆಯಲ್ಲ, ಅದು ಎತೂಪ್. ಹಿಂದೆ ಮರದ ಹಡಗಿನ ಹಲಗೆ ಸಂದಿಗೆ ಅದನ್ನು ತುರುಕಿ ಮೇಲೆ ಟಾರು ಬಳಿಯುತ್ತಿದ್ದರು. ನೀವೂ ನೋಡಿರುತ್ತೀರಿ: ಟೆಫ್ಲಾನ್ ಟೇಪು ಬರುವ ಮುಂಚೆ ಪ್ಲಂಬರ್ ನಲ್ಲಿ ಪೈಪಿನ ಥ್ರೆಡ್ಡಿಗೆ ಸಣಬು ಸುತ್ತಿ ಬಿಳಿ ಪೇಂಟ್ ಮೆತ್ತುತ್ತಿದ್ದ. ಪೇಂಟ್ ಮೆತ್ತುವ ಮುಂಚಿನ ಆ ಸಣಬಿನ ಬಣ್ಣ ಜ್ಞಾಪಿಸಿಕೊಳ್ಳಿ.

ಇನ್ನೊಂದು ತಮಾಷೆ. ಆ ಕಂಪನಿ 1837ರಲ್ಲಿ ಕುದುರೆ ಸರಂಜಾಮು ಮಾಡುವ ಅಂಗಡಿಯಾಗಿ ಶುರುವಾದದ್ದು. ಇವತ್ತಿಗೂ ಜೀನು ಹೊಲಿದ ಹಾಗೇ ಬ್ಯಾಗು ಹೊಲಿಯುತ್ತಾರೆ. ಒಂದು ದಾರ, ಎರಡು ತುದಿಗೆ ಎರಡು ಸೂಜಿ, ಒಂದೇ ತೂತಿನಲ್ಲಿ ಎದುರುಬದುರು. ದಾರ ಅಗಸೆ ನಾರಿನದು, ಜೇನುಮೇಣ ಸವರಿದ್ದು. ಅಂದರೆ ಹೊಲಿಗೆಗೆ ಅಗಸೆಯ ಒಳ್ಳೆ ನಾರು, ಬಣ್ಣಕ್ಕೆ ಅದೇ ಅಗಸೆಯ ಕಸದ ಹೆಸರು! ನಾವು ಮಾತ್ರ ಚೆಂದದ ಪದ ಹುಡುಕುತ್ತಾ ಕೂತಿದ್ದೇವೆ. ಬೇಜ್ ಅಂದರೆ ಬಣ್ಣ ಹಾಕದ ಉಣ್ಣೆ. ಖಾಕಿ ಅಂದರೆ ಪಾರಸಿಯಲ್ಲಿ ಧೂಳಿನದು. ‘ಸಣಬಿನ ಬಣ್ಣ’ ಅನ್ನಲು ಯಾಕೆ ಸಂಕೋಚ?

ಸೀರೆ ಅಂಗಡಿ:
ಲಕ್ಷಗಟ್ಟಲೆ ಕೊಟ್ಟು ಗೋಣಿಚೀಲದ ಬಣ್ಣ. ಭಲೇ.

ಅಚ್ಚಗನ್ನಡ:
‘ಸಣಬು’ ಕೂಡ ಸಂಸ್ಕೃತದ ‘ಶಣ’. ‘ನಾರುಬಣ್ಣ’ ಅನ್ನಿ. ‘ನಾರು’ ನಮ್ಮದು.

ಅನುವಾದಕಿ:
ನಾರುವ ಬ್ಯಾಗಿಗೆ ಅಷ್ಟು ದುಡ್ಡು ಯಾರು ಕೊಡುತ್ತಾರೆ ಮಹರಾಯರೇ?

ನಿಘಂಟುಪ್ರಿಯ:
ಹಳಗನ್ನಡದಲ್ಲಿ ಈ ಗೊಂದಲ ಇರಲಿಲ್ಲ. ವಾಸನೆಯದು ‘ನಾಱು’, ಶಕಟರೇಫ ಅನ್ನುವ ಬೇರೆಯೇ ಅಕ್ಷರ. ಎಳೆಯದು ‘ನಾರು’. ಅಕ್ಷರ ಕಳೆದುಕೊಂಡಿರಿ, ಈಗ ಮೂಗು ಮುಚ್ಚಿಕೊಳ್ಳಿ. ಇರುವ ಅಕ್ಷರಗಳನ್ನೂ ಕಡಿಮೆ ಮಾಡಬೇಕು ಅನ್ನುವವರು ಇಲ್ಲಿಯೇ ಇದ್ದಾರೆ.

ಅಚ್ಚಗನ್ನಡ:
ಬಾಯಲ್ಲಿ ಇಲ್ಲದ್ದನ್ನು ಬರಹದಲ್ಲಿ ಇಟ್ಟುಕೊಂಡು ಏನು ಮಾಡುತ್ತೀರಿ? ಉಪ್ಪಿನಕಾಯಿ ಹಾಕುತ್ತೀರಾ?

ಅನುವಾದಕಿ:
ಆ ಜಗಳ ನಾಳೆ ಆಡಿ. ಈಗ 4:10. ಗೋಲ್ಡ್‌ಗೆ ‘ಚಿನ್ನದ ಬಣ್ಣ’ ಹಾಕಲೇ?

ಹದಗಾರರ ಮೊಮ್ಮಗ, ರಾಣೆಬೆನ್ನೂರು:
ಹಾಕಬೇಡಿ. ಫೋಟೋ ನೋಡಿದೆ. ಚಿನ್ನದ ಹೊಳಪು ಅದರಲ್ಲಿ ಇಲ್ಲ. ನಮ್ಮಜ್ಜ ತಂಗಡಿ ಚಕ್ಕೆ ಹಾಕಿ ಹದ ಮಾಡುತ್ತಿದ್ದ ತೊಗಲು ನಾಲ್ಕು ಬಿಸಿಲು ಕಂಡ ಮೇಲೆ ಇದೇ ಬಣ್ಣಕ್ಕೆ ತಿರುಗುತ್ತಿತ್ತು. ಆದರೆ ತಂಗಡಿ ಅಂದರೆ ನಿಮ್ಮ ಓದುಗರಿಗೆ ಹಳದಿ ಹೂವು ನೆನಪಾಗುತ್ತದೆ. ‘ಬೆಲ್ಲದ ಬಣ್ಣ’ ಅನ್ನಿ. ಅಚ್ಚು ಬೆಲ್ಲ ಅಲ್ಲ, ಜೋನಿ ಬೆಲ್ಲ. ಇನ್ನೊಂದು ಮಾತು: ಬಣ್ಣ ಆರಿಸುವಾಗ ತೊಗಲನ್ನು ಅಂಗಡಿ ದೀಪದಲ್ಲಿ ನೋಡಬಾರದು, ಬಾಗಿಲಿಗೆ ತಂದು ನೋಡಬೇಕು. ಹಳದಿ ದೀಪದಲ್ಲಿ ಎಲ್ಲ ಬೂದೂ ಕಂದೇ. ಲೇಖನದಲ್ಲಿ ಇಲ್ಲದಿದ್ದರೆ ಸೇರಿಸಿ.

ಅನುವಾದಕಿ:
ಬೆಲ್ಲ, ಭೇಷ್. ಎತಾಂ ಅಂದರೆ ತವರ ಅಲ್ವಾ?

ದೂರದವನು:
ಹೌದು. ಅದೂ ಕಂದು ಬೆರೆತ ಬೂದೇ, ಎತೂಪ್‌ಗಿಂತ ಜಾಸ್ತಿ ಕಪ್ಪು.

ಸೀರೆ ಅಂಗಡಿ:
ಕಲಾಯಿ ಬಣ್ಣ ಅನ್ನಬಹುದು.

ಹದಗಾರರ ಮೊಮ್ಮಗ:
ಕಲಾಯಿ ಬಿಳಿ. ಸುಮ್ನಿರಿ.

ಅನುವಾದಕಿ (ರಾತ್ರಿ):
ಪುಟ ಹೋಯಿತು, ಎಲ್ಲರಿಗೂ ಥ್ಯಾಂಕ್ಸ್. ಸಣಬಿನ ಬಣ್ಣ, ಬೆಲ್ಲದ ಬಣ್ಣ, ತವರದ ಬಣ್ಣ ಅಂತ ಕಳಿಸಿದ್ದೆ. ‘ಬೆಚ್ಚಗಿನ ತಟಸ್ಥ’ ಬಂದ ಕಡೆಯೆಲ್ಲ ‘ಯಾವುದಕ್ಕೂ ಹೊಂದುವ ಬಣ್ಣ’ ಮಾಡಿದೆ. ಈಗ ಪ್ರೂಫ್ ಬಂದಿದೆ. ಕರಡು ತಿದ್ದುವವರು ಮೂರನೆಯದನ್ನು ‘ತವರಿನ ಬಣ್ಣ’ ಮಾಡಿದ್ದಾರೆ. ಕೇಳಿದರೆ, ‘ಹೆಂಗಸರ ಪತ್ರಿಕೆ ಅಲ್ವಾ ಮೇಡಂ, ಇದೇ ಸರಿ ಅನ್ನಿಸಿತು’ ಅಂದರು.

ಅಚ್ಚಗನ್ನಡ:
ಹ್ಯಾಂಡ್‌ಬ್ಯಾಗಿಗೆ ‘ಕೈಚೀಲ’ ಅಂತ ಬರೆದಿರಿ ತಾನೇ?

ಅನುವಾದಕಿ:
ಇಲ್ಲ.