ಹಳೇ ಜೀಪಿಗೆ ಯಾವ ಸೊಲೆನಾಯ್ಡ್? ಹಾಕಿದ್ದು ನಾಲ್ಕೇ ದಿನಕ್ಕೆ ಅಂಟಿಕೊಂಡಿತು

ಶ್ರೀನಿವಾಸಪುರ ಮಾವು

ಎಲ್ಲರಿಗೂ ನಮಸ್ಕಾರ. ನಮ್ಮದು 1960ರ ದಶಕದ ಮಹೀಂದ್ರ ಸಿಜೆ3ಬಿ. ಪೆಟ್ರೋಲ್ ಹರಿಕೇನ್ ಇಂಜಿನ್, 12 ವೋಲ್ಟ್ ಬ್ಯಾಟರಿ. ಅಪ್ಪ ಹರಾಜಿನಲ್ಲಿ ತಂದ ಗಾಡಿ. ಮಾವಿನ ಕಾಲದಲ್ಲಿ ಯಲ್ದೂರು ಕಡೆಯ ತೋಟದಿಂದ ಮಂಡಿಗೆ ತೋತಾಪುರಿ ಕ್ರೇಟುಗಳು ಈಗಲೂ ಇದರಲ್ಲೇ ಹೋಗುತ್ತವೆ.

ಇದರಲ್ಲಿ ಸೆಲ್ಫ್ (ಸ್ಟಾರ್ಟರ್ ಮೋಟಾರ್) ಹೊಡೆಯುವುದು ಕಾಲಿನ ಸ್ವಿಚ್ಚಿನಿಂದ. ಅಪ್ಪನಿಗೆ ಮಂಡಿ ಆಪರೇಷನ್ ಆಗಿದೆ. ಅದನ್ನು ಒತ್ತುವುದು ಅವರಿಗೆ ಕಷ್ಟ. ಗಾಡಿಯನ್ನು ಬೇರೆಯವರ ಕೈಗೆ ಕೊಡುವುದು ಅದಕ್ಕಿಂತ ಕಷ್ಟ. ಹಾಗಾಗಿ ಡ್ಯಾಶ್ ಮೇಲೆ ಒಂದು ಬಟನ್ ಇಟ್ಟು, ಸೊಲೆನಾಯ್ಡ್ (ಬಟನ್ನಿನ ಸಣ್ಣ ಕರೆಂಟಿನಿಂದ ಸೆಲ್ಫಿನ ದೊಡ್ಡ ಕರೆಂಟನ್ನು ಆನ್ ಮಾಡುವ ಸ್ವಿಚ್) ಹಾಕೋಣ ಅಂದುಕೊಂಡೆ.

ಅಂಗಡಿಯಲ್ಲಿ ಎರಡು ಕೊಟ್ಟರು. ಒಂದರಲ್ಲಿ ಎರಡು ದಪ್ಪ ಬೋಲ್ಟು, ಒಂದು ಸಣ್ಣ ಸ್ಕ್ರೂ. ಇನ್ನೊಂದರಲ್ಲಿ ಸಣ್ಣ ಸ್ಕ್ರೂ ಎರಡು. ಎರಡು ಸ್ಕ್ರೂ ಇದ್ದದ್ದು ಹಾಕಿದರೆ ಸದ್ದೇ ಇಲ್ಲ. ಒಂದು ಸ್ಕ್ರೂನದು ಕೈಯಲ್ಲಿ ಹಿಡಿದು ಚಾಸಿಗೆ ಮುಟ್ಟಿಸಿದರೆ ಟಕ್ ಅನ್ನುತ್ತದೆ, ಇಂಜಿನ್ ಹಿಂದಿನ ತಗಡಿಗೆ ಬಿಗಿದರೆ ಸುಮ್ಮನಾಗುತ್ತದೆ. ಒಂದು ಬೋಲ್ಟಿನ ಕೆಳಗೆ ಬಣ್ಣ ಕೆರೆದ ಮೇಲೆ ಕೆಲಸ ಮಾಡಿತು.

ಮೂರು ದಿನ ಚೆನ್ನಾಗಿತ್ತು. ನಾಲ್ಕನೇ ದಿನ ಬೆಳಿಗ್ಗೆ ಟಕ ಟಕ ಟಕ ಅಂತು. ಮತ್ತೆ ಒತ್ತಿದೆ. ಇಂಜಿನ್ ಸ್ಟಾರ್ಟ್ ಆಯಿತು, ಆದರೆ ಬಟನ್ ಬಿಟ್ಟರೂ ಸೆಲ್ಫ್ ನಿಲ್ಲಲಿಲ್ಲ. ಕಿರ್ರೋ ಅಂತ ಸುತ್ತುತ್ತಲೇ ಇತ್ತು, ತಂತಿ ಸುಟ್ಟ ವಾಸನೆ. ಓಡಿಹೋಗಿ ಬ್ಯಾಟರಿ ಟರ್ಮಿನಲ್ ಕಿತ್ತೆ. ಅಪ್ಪ ಒಳಗೆ ಕೂತಿದ್ದರು. ನನಗೆ ನಿಜವಾಗಿ ಭಯ ಆಯಿತು.

ಬ್ಯಾಟರಿಯಿಂದ ಸೆಲ್ಫಿಗೆ ಮನೆಯಲ್ಲಿ ಉಳಿದಿದ್ದ 16 ಚದರ ಮಿಲಿಮೀಟರ್ ತಂತಿ ಹಾಕಿದ್ದೆ. ಯಾವ ಸೊಲೆನಾಯ್ಡ್ ಇಟ್ಟುಕೊಳ್ಳಲಿ? ತಂತಿ ಹೇಗೆ ಎಳೆಯಲಿ?

ಗೌರಿಬಿದನೂರು ಗಾಡಿ

ಕಾಲಿನ ಸ್ವಿಚ್ ಬಿಚ್ಚಿ ನೋಡಿದಿರಾ? ಸೊಲೆನಾಯ್ಡಿನಲ್ಲಿ ಇರುವಂಥ ಕಾಯಿಲ್ (ತಂತಿ ಸುರುಳಿ) ಅದರಲ್ಲಿ ಇಲ್ಲ, ಕೆಡುವುದು ಅಪರೂಪ. ಒಳಗಿನ ತಾಮ್ರದ ತುಂಡನ್ನು ಅರ ಹಾಕಿ ಸಮ ಮಾಡಿದರೆ ಇನ್ನೂ ವರ್ಷಗಟ್ಟಲೆ ಬರುತ್ತದೆ. ನಾನಾದರೆ ಅದನ್ನೇ ಉಳಿಸುತ್ತಿದ್ದೆ. ಆದರೆ ಅಪ್ಪನ ಮಂಡಿಯ ಮಾತು ಬಂದ ಮೇಲೆ ವಾದ ಮಾಡುವುದಿಲ್ಲ.

ಶಿರಾ ಗೇಟ್ ಎಲೆಕ್ಟ್ರಿಕಲ್ಸ್

ತುಮಕೂರಿನಲ್ಲಿ ಇದೇ ಕೆಲಸ ಮಾಡುತ್ತಾ ಬಂದಿದ್ದೇನೆ. ಅಂಟಿಕೊಂಡ ಸೊಲೆನಾಯ್ಡ್ ಬಹಳ ನೋಡಿದ್ದೇನೆ. ಪದಾರ್ಥ ಕೆಟ್ಟದ್ದು ಅಂತ ಅಂಗಡಿಯವರನ್ನು ಬೈಯುವ ಮೊದಲು ಇದನ್ನು ಓದಿ.

ಒಂದು ಸಣ್ಣ ಸ್ಕ್ರೂ ಇರುವುದರಲ್ಲಿ ಕಾಯಿಲಿನ ಇನ್ನೊಂದು ತುದಿ ಒಳಗೇ ಸೊಲೆನಾಯ್ಡಿನ ಬಾಡಿಗೆ (ಹೊರಕವಚಕ್ಕೆ) ಸೇರಿರುತ್ತದೆ. ಅಂದರೆ ಬಾಡಿಯೇ ಅರ್ತ್. ಬಣ್ಣದ ಮೇಲೆ ಬಿಗಿದರೆ ಅರ್ತ್ ಸಿಗುವುದಿಲ್ಲ. ನೀವು ಒಂದೇ ಬೋಲ್ಟಿನ ಕೆಳಗೆ ಕೆರೆದಿರಿ. ಅಷ್ಟು ಸಾಲದು. ಎರಡೂ ಕಡೆ ಹೊಳೆಯುವ ತನಕ ಕೆರೆಯಿರಿ, ನಕ್ಷತ್ರ ವಾಷರ್ ಹಾಕಿ, ಬಾಡಿಯಿಂದ ಬ್ಯಾಟರಿ ಮೈನಸ್ಸಿಗೆ ಒಂದು ತಂತಿಯನ್ನೂ ಎಳೆಯಿರಿ.

ಎರಡು ಸಣ್ಣ ಸ್ಕ್ರೂ ಇರುವುದನ್ನು ಬಿಸಾಡಬೇಡಿ. ಮೀಟರ್ ಹಿಡಿಯಿರಿ. ಒಂದು ಸ್ಕ್ರೂನಿಂದ ಬಾಡಿಗೆ 3ರಿಂದ 5 ಓಮ್ ತೋರಿಸಿದರೆ ಅದೇ ಬಟನ್ ತಂತಿಯ ಜಾಗ. ಇನ್ನೊಂದರಿಂದ ಬಾಡಿಗೆ ಏನೂ ತೋರಿಸದಿದ್ದರೆ, ಅದು ಸೆಲ್ಫ್ ಸುತ್ತುವಾಗ ಮಾತ್ರ ಇಗ್ನಿಷನ್ ಕಾಯಿಲಿಗೆ (ಪ್ಲಗ್ಗಿನ ಕಿಡಿಗೆ ಬೇಕಾದ ಬೇರೆ ಕಾಯಿಲ್) ನೇರ ಕರೆಂಟ್ ಕೊಡುವ ಸ್ಕ್ರೂ. ಬ್ಯಾಲಾಸ್ಟ್ ರೆಸಿಸ್ಟರ್ (ಆ ಕಾಯಿಲಿಗೆ ಹೋಗುವ ಕರೆಂಟ್ ತಗ್ಗಿಸುವ ತುಂಡು) ಇರುವ ಗಾಡಿಗಳಿಗೆ ಅದು ಬೇಕು. ನಿಮ್ಮದರಲ್ಲಿ ಬ್ಯಾಲಾಸ್ಟ್ ಇಲ್ಲದಿದ್ದರೆ ಖಾಲಿ ಬಿಡಿ, ಮೇಲೊಂದು ರಬ್ಬರ್ ತೊಡಿಸಿ. ನೀವು ಬಟನ್ ತಂತಿಯನ್ನು ಅದಕ್ಕೇ ಕೊಟ್ಟಿರಬೇಕು, ಅದಕ್ಕೇ ಸದ್ದು ಬರಲಿಲ್ಲ.

ಎರಡೂ ಸ್ಕ್ರೂಗಳ ನಡುವೆ ಮಾತ್ರ ಓಮ್ ತೋರಿಸಿ, ಬಾಡಿಗೆ ಏನೂ ಇಲ್ಲದಿದ್ದರೆ ಅದು ಬೇರೆ ಜಾತಿ. ಒಂದು ಸ್ಕ್ರೂವನ್ನು ನೀವೇ ಅರ್ತ್ ಮಾಡಬೇಕು. ಆಗ 15 ಓಮಿಗಿಂತ ಜಾಸ್ತಿ ಬಂದರೆ ಅದು ಸದಾ ಆನ್ ಇರಲು ಮಾಡಿದ್ದು, ಸೆಲ್ಫಿಗೆ ಬೇಡ. ಕೊಳ್ಳುವಾಗ ವೋಲ್ಟ್ ಕೂಡ ನೋಡಿ. ವಿಲ್ಲಿಸ್ ಕಾಲದ ಹಳೇ ಜೀಪುಗಳಲ್ಲಿ 6 ವೋಲ್ಟ್ ಇತ್ತು. ಆ ಕಾಯಿಲ್ 12 ವೋಲ್ಟಿನಲ್ಲಿ ಸುಡುತ್ತದೆ. 12 ವೋಲ್ಟಿನದನ್ನು 6ಕ್ಕೆ ಹಾಕಿದರೆ ಗಟ್ಟಿಯಾಗಿ ಎಳೆಯುವುದಿಲ್ಲ.

ಈಗ ಅಂಟಿಕೊಂಡದ್ದು ಯಾಕೆ? ಆ ಟಕ ಟಕ ಸದ್ದೇ ಕಾರಣ ಹೇಳಿತ್ತು. ಸೆಲ್ಫ್ ನೂರಾರು ಆಂಪಿಯರ್ ಎಳೆಯುತ್ತದೆ. ತೆಳು ತಂತಿಯಲ್ಲಿ, ಕೆಟ್ಟ ಜೋಡಣೆಯಲ್ಲಿ ವೋಲ್ಟೇಜ್ ಕುಸಿಯುತ್ತದೆ. ಆಗ ಕಾಯಿಲಿಗೆ ಹಿಡಿಯುವ ಶಕ್ತಿ ಇಲ್ಲ, ಬಿಡುತ್ತದೆ. ಬಿಟ್ಟ ಕೂಡಲೇ ವೋಲ್ಟೇಜ್ ಏರಿ ಮತ್ತೆ ಎಳೆಯುತ್ತದೆ. ಪ್ರತಿ ಸಲವೂ ಕಿಡಿ. ಕಿಡಿಗೆ ಒಳಗಿನ ತಾಮ್ರ ಕರಗಿ ಬೆಸುಗೆ ಆಗುತ್ತದೆ. ಆ ಸದ್ದು ಬಂದರೆ ಎರಡನೇ ಸಲ ಒತ್ತಲೇಬಾರದು.

ತಂತಿ ಹೀಗೆ ಎಳೆಯಿರಿ. ಬ್ಯಾಟರಿ ಪ್ಲಸ್‌ನಿಂದ ಸೊಲೆನಾಯ್ಡಿನ ಒಂದು ದಪ್ಪ ಬೋಲ್ಟಿಗೆ, ಇನ್ನೊಂದರಿಂದ ಸೆಲ್ಫಿಗೆ. ಎರಡೂ 35 ಚದರ ಮಿಲಿಮೀಟರ್ ತಾಮ್ರ, ಆದಷ್ಟು ಗಿಡ್ಡ, ತುದಿಗೆ ಲಗ್ (ಬೋಲ್ಟಿಗೆ ಕೂರುವ ತೂತಿನ ತುಂಡು) ಪ್ರೆಸ್ ಮಾಡಿಸಿ. ಗಾಡಿಯ ಉಳಿದ ಕರೆಂಟೆಲ್ಲ ಬ್ಯಾಟರಿ ಕಡೆಯ ಬೋಲ್ಟಿನಿಂದಲೇ ಹೋಗಲಿ. ಬಟನ್ನಿಗೆ ಇಗ್ನಿಷನ್ ಕೀ ದಾಟಿದ ಮೇಲಿನ ಕರೆಂಟ್ ಕೊಡಿ. ಕಾಯಿಲ್ ಎಳೆಯುವುದು 3-4 ಆಂಪಿಯರ್, 2.5 ಚದರ ಮಿಲಿಮೀಟರ್ ತಂತಿ, 15 ಆಂಪಿಯರ್ ಫ್ಯೂಸ್ ಸಾಕು. ದಪ್ಪ ಕೇಬಲ್ಲಿಗೆ ಫ್ಯೂಸ್ ಇಲ್ಲ, ಹಾಗಾಗಿ ಅದು ತಗಡಿಗೆ ಉಜ್ಜದ ಹಾಗೆ ನೋಡಿಕೊಳ್ಳಿ. ಬ್ಯಾಟರಿ ಕಟ್-ಆಫ್ ಸ್ವಿಚ್ ಒಂದನ್ನು ಡ್ರೈವರ್ ಕೈಗೆ ಸಿಗುವಂತೆ ಹಾಕಿ. ನಿಮ್ಮ ಅಪ್ಪ ಓಡಿ ಬಂದು ಟರ್ಮಿನಲ್ ಕೀಳಲಾರರು ಅಲ್ವಾ?

ಇನ್ನೊಂದು. ಇಂಜಿನ್ ರಬ್ಬರ್ ಮೇಲೆ ಕೂತಿದೆ. ಇಂಜಿನ್‌ನಿಂದ ಚಾಸಿಗೆ ಹೋಗುವ ಅರ್ತ್ ಪಟ್ಟಿ ಇದೆಯಾ ನೋಡಿ. ಅದು ಹರಿದಿದ್ದರೆ ಸೆಲ್ಫಿನ ಕರೆಂಟ್ ಚೋಕ್ ಕೇಬಲ್, ಆಕ್ಸಿಲರೇಟರ್ ಕಡ್ಡಿ ಹಿಡಿದು ವಾಪಸ್ ಬರುತ್ತದೆ.

ಕೊನೆಗೆ ಸೆಲ್ಫ್ ಸುತ್ತುವಾಗ ಬ್ಯಾಟರಿ ಪ್ಲಸ್ಸಿಗೂ ಸೆಲ್ಫಿನ ಬೋಲ್ಟಿಗೂ ಮೀಟರ್ ಹಿಡಿಯಿರಿ. ಅರ್ಧ ವೋಲ್ಟಿಗಿಂತ ಕಡಿಮೆ ಇರಬೇಕು. ಹಾಗೆಯೇ ಬ್ಯಾಟರಿ ಮೈನಸ್ಸಿಗೂ ಇಂಜಿನ್ ಬ್ಲಾಕಿಗೂ. ಗೇರ್ ನ್ಯೂಟ್ರಲ್, ಹ್ಯಾಂಡ್‌ಬ್ರೇಕ್ ಮರೆಯಬೇಡಿ.

ಶ್ರೀನಿವಾಸಪುರ ಮಾವು

ಭಾನುವಾರ ಪೂರ್ತಿ ಇದಕ್ಕೇ ಕೊಟ್ಟೆ. ಎರಡು ಸ್ಕ್ರೂನದು ಒಂದರಲ್ಲಿ ಬಾಡಿಗೆ 4 ಓಮ್ ತೋರಿಸಿತು, ಇನ್ನೊಂದರಲ್ಲಿ ಏನೂ ಇಲ್ಲ. ನೀವು ಹೇಳಿದಂತೆ ತಪ್ಪು ಸ್ಕ್ರೂಗೇ ಕೊಟ್ಟಿದ್ದೆ. ಈಗ ತಂತಿಯನ್ನು ಸರಿಯಾದ ಸ್ಕ್ರೂಗೆ ಕೊಟ್ಟು ಆ ಸೊಲೆನಾಯ್ಡನ್ನೇ ಹಾಕಿದ್ದೇನೆ. ಅಂಟಿಕೊಂಡದ್ದನ್ನು ಕೊಯ್ದು ನೋಡಿದೆ, ತಾಮ್ರದ ಬಿಲ್ಲೆಗೆ ಬೋಲ್ಟಿನ ತಲೆ ಕಚ್ಚಿಕೊಂಡಿತ್ತು.

ಹೊಸ ಕೇಬಲ್ ಹಾಕುವ ಮೊದಲು ಪ್ಲಸ್ ಕಡೆ 1.4 ವೋಲ್ಟ್ ಇತ್ತು. ಈಗ 0.3. ಅರ್ತ್ ಕಡೆ ಇನ್ನೂ ಕೆಟ್ಟದಾಗಿತ್ತು, 2 ವೋಲ್ಟ್ ಹತ್ತಿರ. ಕೆಳಗೆ ಮಲಗಿ ನೋಡಿದರೆ ಪಟ್ಟಿಯ ಜಾಗದಲ್ಲಿ ಎರಡು ಎಳೆ ಮಾತ್ರ ನೇತಾಡುತ್ತಿದ್ದವು. ಹೊಸ ಪಟ್ಟಿ ಹಾಕಿದ ಮೇಲೆ 0.2ಕ್ಕೆ ಇಳಿಯಿತು.

ಚಳಿಯ ದಿನ ಸೆಲ್ಫ್ ಹೊಡೆದಾಗ ಚೋಕ್ ಗುಂಡಿ ಬಿಸಿ ಆಗುತ್ತದೆ ಅಂತ ಅಪ್ಪ ಮೂರು ವರ್ಷದಿಂದ ಹೇಳುತ್ತಿದ್ದರು. ವಯಸ್ಸಾಗಿದೆ, ಏನೋ ಅನ್ನಿಸಿರಬೇಕು ಅಂತ ನಾವು ಯಾರೂ ಮುಟ್ಟಿಯೂ ನೋಡಿರಲಿಲ್ಲ. ನಿಮ್ಮ ಉತ್ತರದ ಆ ಸಾಲನ್ನು ಅವರಿಗೆ ಓದಿ ಹೇಳಿದೆ. ಇನ್ನೊಂದು ಸಲ ಓದು ಅಂದರು.