‘ನಮ್ಮ ಮನೆಯಲ್ಲಿ ಅಂಗವಿಕಲರಿಲ್ಲ’ ಎಂಬ ಉತ್ತರ: ಸಮೀಕ್ಷೆಯ ಪ್ರಶ್ನೆಯನ್ನು ಹೇಗೆ ಕೇಳಬೇಕು?

ಪ್ರಶ್ನೆ (ಸಂಶೋಧನಾ ವಿದ್ಯಾರ್ಥಿನಿ, ಸಮಾಜಕಾರ್ಯ ವಿಭಾಗ)

ಮಾನ್ಯರೇ, ಕೊಪ್ಪಳ ಜಿಲ್ಲೆಯ ಎರಡು ಗ್ರಾಮಗಳಲ್ಲಿ ಜನರ ಯೋಗಕ್ಷೇಮ ಹಾಗೂ ಅಂಗವಿಕಲರ ಪಾಲ್ಗೊಳ್ಳುವಿಕೆಯ ಕುರಿತು ಪಿಎಚ್.ಡಿ. ಅಧ್ಯಯನಕ್ಕಾಗಿ ಮನೆಮನೆ ಸಮೀಕ್ಷೆ ನಡೆಸುತ್ತಿದ್ದೇನೆ. ‘ಮನೆಯಲ್ಲಿ ಅಂಗವಿಕಲರು ಇದ್ದಾರೆಯೇ?’ ಎಂದು ಕೇಳಿದರೆ ಬಹುತೇಕ ಕಡೆ ‘ಇಲ್ಲ’ ಎಂದೇ ಹೇಳುತ್ತಾರೆ. ಒಂದು ಮನೆಯಲ್ಲಿ ಹಾಗೆಯೇ ಬರೆದುಕೊಂಡು ಏಳುವಷ್ಟರಲ್ಲಿ ಅಜ್ಜಿಯೊಬ್ಬರು ಗೋಡೆ ಸವರುತ್ತಾ ಹೊರಗೆ ಬಂದು, ನನ್ನ ದನಿ ಬಂದ ಕಡೆಗೆ ಮುಖ ಮಾಡಿ, ‘ಯಾರವ್ವಾ?’ ಎಂದರು. ಸೊಸೆಯನ್ನು ವಿಚಾರಿಸಿದಾಗ, ‘ಅವರಿಗೆ ವಯಸ್ಸಾಗೈತ್ರಿ, ಅಷ್ಟ’ ಎಂದರು. ಆ ಅಜ್ಜಿಯನ್ನು ಯಾವ ಕಾಲಂನಲ್ಲಿ ಬರೆಯಲಿ?

ಉತ್ತರ 1 (ಸಮಾಜಶಾಸ್ತ್ರ ಅಧ್ಯಾಪಕ)

ಕಾಲಂ ಹುಡುಕುವ ಬದಲು ಪ್ರಶ್ನೆಯನ್ನೇ ಬದಲಿಸಬೇಕು. ‘ಅಂಗವಿಕಲ’ ಎಂದೊಡನೆ ಜನರಿಗೆ ನೆನಪಾಗುವುದು ವೈದ್ಯರ ಪ್ರಮಾಣಪತ್ರ, ಮಾಸಾಶನ, ಯುಡಿಐಡಿ ಕಾರ್ಡ್ (ಅಂಗವಿಕಲರಿಗೆ ಸರ್ಕಾರ ಕೊಡುವ ಗುರುತಿನ ಚೀಟಿ). ಮುಪ್ಪಿನಲ್ಲಿ ಹೋದ ಕಣ್ಣನ್ನು ಯಾರೂ ಅದರಲ್ಲಿ ಎಣಿಸುವುದಿಲ್ಲ. ವಿಶ್ವಸಂಸ್ಥೆಯ ಸಂಖ್ಯಾಶಾಸ್ತ್ರ ಆಯೋಗದಡಿ 2001ರಲ್ಲಿ ರಚನೆಯಾದ, ಅಂಗವೈಕಲ್ಯದ ಅಂಕಿಅಂಶಗಳಿಗೆ ಸಂಬಂಧಿಸಿದ ವಾಷಿಂಗ್ಟನ್ ಗ್ರೂಪ್‌ನ ಆರು ಪ್ರಶ್ನೆಗಳಲ್ಲಿ ‘ಅಂಗವಿಕಲ’ ಎಂಬ ಪದವೇ ಬರುವುದಿಲ್ಲ. ಕನ್ನಡಕ ಹಾಕಿಕೊಂಡರೂ ನೋಡಲು, ಶ್ರವಣಯಂತ್ರ ಬಳಸಿದರೂ ಕೇಳಲು, ನಡೆಯಲು ಅಥವಾ ಮೆಟ್ಟಿಲು ಹತ್ತಲು, ನೆನಪಿಟ್ಟುಕೊಳ್ಳಲು, ಸ್ನಾನ ಮಾಡಿ ಬಟ್ಟೆ ಹಾಕಿಕೊಳ್ಳಲು, ತನ್ನ ಮಾತನ್ನು ಇನ್ನೊಬ್ಬರಿಗೆ ತಿಳಿಸಲು ತೊಂದರೆಯಾಗುತ್ತದೆಯೇ ಎಂದಷ್ಟೇ ಅವು ಕೇಳುತ್ತವೆ. ‘ಏನೂ ಇಲ್ಲ’, ‘ಸ್ವಲ್ಪ’, ‘ಬಹಳ’, ‘ಆಗುವುದೇ ಇಲ್ಲ’ ಎಂಬ ನಾಲ್ಕು ಉತ್ತರಗಳಲ್ಲಿ, ಒಂದು ಪ್ರಶ್ನೆಗಾದರೂ ಕೊನೆಯ ಎರಡರಲ್ಲೊಂದನ್ನು ಹೇಳಿದವರನ್ನು ಎಣಿಕೆಗೆ ತೆಗೆದುಕೊಳ್ಳುತ್ತಾರೆ. ಹೀಗೆ ಬಂದ ಪ್ರಮಾಣ 2011ರ ಜನಗಣತಿಯಲ್ಲಿ ದೇಶದ ಅಂಗವಿಕಲರ ಪ್ರಮಾಣವೆಂದು ದಾಖಲಾದ ಶೇ. 2.21ಕ್ಕೆ ತಾಳೆಯಾಗದಿದ್ದರೆ ಗಾಬರಿಯಾಗಬೇಡಿ, ಅಲ್ಲಿ ಕೇಳಿದ ಪ್ರಶ್ನೆಯೇ ಬೇರೆ. ಆದರೆ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಗುರುತಿಸುವ 21 ವಿಧದ ಅಂಗವೈಕಲ್ಯಗಳಲ್ಲಿ ಸೇರಿರುವ ಮಾನಸಿಕ ಅಸ್ವಸ್ಥತೆ ಈ ಆರರಲ್ಲಿ ಸರಿಯಾಗಿ ಸಿಕ್ಕುವುದಿಲ್ಲ. ಅದಕ್ಕೆ ಬೇರೆ ಪ್ರಶ್ನೆಗಳು ಬೇಕು.

ಉತ್ತರ 2 (ಕ್ಷೇತ್ರಕಾರ್ಯ ಮೇಲ್ವಿಚಾರಕಿ)

ಸರ್ ಹೇಳಿದ್ದು ಸರಿ, ಆದರೆ ಅನುವಾದದಲ್ಲಿ ಎಚ್ಚರ ಬೇಕು. ನಮ್ಮ ತಂಡ ಮೊದಲು ‘ನಡೆಯಲು ಕಷ್ಟವಿದೆಯೇ?’ ಎಂದು ಅಚ್ಚು ಹಾಕಿಸಿತ್ತು. ‘ಕಷ್ಟ’ ಎಂಬ ಮಾತು ಕಿವಿಗೆ ಬಿದ್ದೊಡನೆ ತಾಯಿಯೊಬ್ಬರು ಸಾಲ, ಮಳೆ, ಮಗಳ ಮದುವೆ ಎಲ್ಲವನ್ನೂ ಹೇಳಿಕೊಂಡು ಅತ್ತರು. ಅವರ ಅಳಲನ್ನು ಕೇಳಲೇಬೇಕಿತ್ತು, ಆದರೆ ಮೊಣಕಾಲಿನ ವಿಷಯ ಹಾಳೆಯ ಮೇಲೆ ಬರಲೇ ಇಲ್ಲ. ನಿಮ್ಮ ಭಾಗದಲ್ಲಿ ‘ನಡೀಲಿಕ್ಕೆ ತ್ರಾಸ ಆಗತದೇನ್ರಿ?’ ಎಂದರೆ ನೇರವಾಗಿ ಉತ್ತರ ಬರುತ್ತದೆ. ಗ್ರಾಮ ಪಂಚಾಯಿತಿಯ ಪುನರ್ವಸತಿ ಕಾರ್ಯಕರ್ತರಿಗೆ ಮೊದಲು ಓದಿ ತೋರಿಸಿ. ಅವರಲ್ಲಿ ಅನೇಕರು ಸ್ವತಃ ಅಂಗವಿಕಲರಾಗಿದ್ದು, ಯಾವ ಮಾತು ಎಲ್ಲಿ ನೋಯಿಸುತ್ತದೆ ಎಂಬುದನ್ನು ಬಲ್ಲರು.

ಉತ್ತರ 3 (ದೃಷ್ಟಿದೋಷವುಳ್ಳ ಓದುಗ)

ಒಂದು ವಿಶ್ವವಿದ್ಯಾಲಯದ ತಂಡ ನಮ್ಮ ಮನೆಗೂ ಬಂದಿತ್ತು. ನಾನು ಅಲ್ಲೇ ಕುಳಿತಿದ್ದರೂ, ‘ಇವರು ಸಂತೋಷವಾಗಿದ್ದಾರೆಯೇ?’ ಎಂದು ನನ್ನ ಅಣ್ಣನನ್ನು ಕೇಳಿ, ಅವನ ಉತ್ತರವನ್ನೇ ನನ್ನ ಹೆಸರಿನ ಮುಂದೆ ಬರೆದುಕೊಂಡು ಹೋದರು. ನೋಡಲು, ನಡೆಯಲು ತೊಂದರೆಯಿದೆಯೇ ಎಂಬುದಕ್ಕೆ ಮನೆಯವರು ಉತ್ತರಿಸಬಹುದು. ನೆಮ್ಮದಿ, ಗೌರವ, ಊರಿನ ಜಾತ್ರೆಗೆ ಕರೆದೊಯ್ಯುತ್ತಾರೋ ಇಲ್ಲವೋ ಎಂಬುದಕ್ಕೆ ನಮ್ಮ ಬಾಯಿಂದಲೇ ಉತ್ತರ ಬರಬೇಕು. ಒಪ್ಪಿಗೆ ಪತ್ರವನ್ನು ನಮಗೆ ಪೂರ್ತಿ ಓದಿ ಹೇಳಿ. ಮೇಡಂ, ದಯವಿಟ್ಟು ಆ ಅಜ್ಜಿಯ ಪಕ್ಕದಲ್ಲಿ ಕುಳಿತು ಅವರನ್ನೇ ಕೇಳಿ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಧನ್ಯವಾದಗಳು. ಪ್ರಶ್ನಾವಳಿಯನ್ನು ತಿದ್ದಿ, ಈವರೆಗೆ ‘ಇಲ್ಲ’ ಎಂದು ಬರೆದುಕೊಂಡ ಮನೆಗಳಿಗೆಲ್ಲ ಇನ್ನೊಮ್ಮೆ ಹೋಗುತ್ತೇನೆ. ಮೊದಲು ಅಜ್ಜಿಯ ಮನೆಗೆ.