ತೆರೆದ ಗಾಯಕ್ಕೆ ಪ್ರೊಬಯಾಟಿಕ್ಕಾ, ಆ್ಯಂಟಿಬಯಾಟಿಕ್ ಮುಲಾಮಾ?

ಕಾಪು_ಹೋಮ್‌ಕೇರ್:
ಮನೆಗೆ ಹೋಗಿ ಡ್ರೆಸ್ಸಿಂಗ್ ಮಾಡುವವರ ಹತ್ತಿರ ಈಗ ಎಲ್ಲರೂ ಕೇಳುವುದು ಒಂದೇ: ಮುಪಿರೋಸಿನ್, ಸೋಫ್ರಾಮೈಸಿನ್‌ನಂಥ ಆ್ಯಂಟಿಬಯಾಟಿಕ್ ಮುಲಾಮು ಬಿಟ್ಟು ಪ್ರೊಬಯಾಟಿಕ್ (ಒಳ್ಳೆಯದು ಮಾಡುವ ಜೀವಂತ ಸೂಕ್ಷ್ಮಾಣು) ಹಚ್ಚಬಹುದಾ ಅಂತ. ಭೇದಿಗೆ ಕೊಡುವ ಕ್ಯಾಪ್ಸೂಲ್ ಒಡೆದು ಪುಡಿ ಉದುರಿಸುವವರು, ಮೊಸರು ಹಚ್ಚುವವರು ಎಲ್ಲ ಇದ್ದಾರೆ. ಲ್ಯಾಕ್ಟೋಬ್ಯಾಸಿಲಸ್ ಎಂಬ ಪ್ರೊಬಯಾಟಿಕ್ ಬ್ಯಾಕ್ಟೀರಿಯಾದಿಂದ ಸುಟ್ಟಗಾಯ ಮಾಗಿದ ಅಧ್ಯಯನ ಉಂಟಲ್ಲ, ಅದನ್ನು ಎಷ್ಟು ನಂಬಬಹುದು? ಮಳೆಗಾಲದಲ್ಲಿ ಕಾಲು ತರಚಿದರೆ ಸರಿಯಾಗಿ ಎಂತ ಮಾಡಬೇಕು?

ಸೂಕ್ಷ್ಮಾಣು_ಕುಡ್ಲ:
ಅಧ್ಯಯನ ಉಂಟು. ಅರ್ಜೆಂಟೀನಾದಲ್ಲಿ 80 ಸುಟ್ಟಗಾಯದ ರೋಗಿಗಳಲ್ಲಿ ಲ್ಯಾಕ್ಟೋಬ್ಯಾಸಿಲಸ್ ಪ್ಲಾಂಟಾರಮ್ಮನ್ನು ಸುಟ್ಟಗಾಯಕ್ಕೆ ಹಚ್ಚುವ ಸಿಲ್ವರ್ ಸಲ್ಫಾಡಯಾಜಿನ್ ಮುಲಾಮಿನ ಜೊತೆ ಹೋಲಿಸಿ ನೋಡಿದ್ದು, 2009ರಲ್ಲಿ ಪ್ರಕಟವಾಯಿತು. ಫಲಿತಾಂಶ ಹತ್ತಿರ ಹತ್ತಿರ ಒಂದೇ. ಕಾರಣವೂ ಗಟ್ಟಿ: ಆ ಬ್ಯಾಕ್ಟೀರಿಯಾ ಬಿಡುವ ಲ್ಯಾಕ್ಟಿಕ್ ಆಮ್ಲ ಗಾಯದ ಪಿಎಚ್ ಇಳಿಸುತ್ತದೆ, ಅಂದರೆ ಗಾಯವನ್ನು ಹೆಚ್ಚು ಆಮ್ಲೀಯ ಮಾಡುತ್ತದೆ. ಆರೋಗ್ಯವಂತ ಚರ್ಮದ ಪಿಎಚ್ ಸುಮಾರು 5, ಹಳೆಯ ಗಾಯದ್ದು 7 ದಾಟಿರುತ್ತದೆ. ಗಾಯಕ್ಕೆ ಸೋಂಕು ತರುವ ಸ್ಯೂಡೋಮೊನಾಸ್ ಬ್ಯಾಕ್ಟೀರಿಯಾ ಗುಂಪುಗೂಡಲು ಕಳಿಸುವ ರಾಸಾಯನಿಕ ಸಂಕೇತಗಳಿಗೂ ಲ್ಯಾಕ್ಟೋಬ್ಯಾಸಿಲಸ್ ಅಡ್ಡಿ ಮಾಡುತ್ತದೆ.

ಆದರೆ ಅಲ್ಲಿ ಹಚ್ಚಿದ್ದು ಲ್ಯಾಬಿನಲ್ಲಿ ಬೆಳೆಸಿದ, ಗುರುತು ಗೊತ್ತಿರುವ ಒಂದೇ ತಳಿ. ಮನೆಯ ಹೆಪ್ಪಿನಲ್ಲಿ ಯಾವ ಬ್ಯಾಕ್ಟೀರಿಯಾ, ಯಾವ ಯೀಸ್ಟ್ ಉಂಟೆಂದು ಯಾರಿಗೂ ಗೊತ್ತಿಲ್ಲ. ಕ್ಯಾಪ್ಸೂಲ್ ತಯಾರಾಗುವುದು ನುಂಗಲಿಕ್ಕೆ, ತೆರೆದ ಮಾಂಸಕ್ಕೆ ಬೇಕಾದ ಸ್ಟೆರೈಲ್ (ಕ್ರಿಮಿರಹಿತ) ಮಟ್ಟ ಅದಕ್ಕಿಲ್ಲ. ಕೆಲವದರಲ್ಲಿ ಇರುವುದು ಬ್ಯಾಕ್ಟೀರಿಯಾವೇ ಅಲ್ಲ, ಸ್ಯಾಕರೋಮೈಸಿಸ್ ಬೌಲಾರ್ಡಿ ಎಂಬ ಯೀಸ್ಟ್. ನಿತ್ರಾಣ ರೋಗಿಗಳಲ್ಲಿ ಅದು ರಕ್ತಕ್ಕೆ ಇಳಿದ ಪ್ರಕರಣಗಳು ದಾಖಲಾಗಿವೆ. ಇನ್ನು ಅಂಗಡಿಯ 'ಪ್ರೊಬಯಾಟಿಕ್' ಕ್ರೀಮ್‌ಗಳಲ್ಲಿ ಹೆಚ್ಚಿನವು ಸತ್ತ ಬ್ಯಾಕ್ಟೀರಿಯಾದ ಸಾರ ಮಾತ್ರ. ಕೆಡದಂತೆ ಹಾಕುವ ರಾಸಾಯನಿಕದಲ್ಲಿ ಜೀವಂತ ಬ್ಯಾಕ್ಟೀರಿಯಾ ಉಳಿಯುವುದು ಕಷ್ಟ.

ಮಲ್ಪೆ_ಫಾರ್ಮಸಿ:
ಹಾಗಂತ ಮುಲಾಮಿನ ಟ್ಯೂಬಿಗೂ ಓಡಬೇಡಿ. ಶುದ್ಧವಾದ ಸಣ್ಣ ಗಾಯಕ್ಕೆ ಆ್ಯಂಟಿಬಯಾಟಿಕ್ ಬೇಡವೇ ಬೇಡ. ಚರ್ಮದ ಸಣ್ಣ ಶಸ್ತ್ರಚಿಕಿತ್ಸೆಯ ಗಾಯಗಳಲ್ಲಿ ಬ್ಯಾಸಿಟ್ರಾಸಿನ್ ಎಂಬ ಆ್ಯಂಟಿಬಯಾಟಿಕ್ ಮುಲಾಮು ಮತ್ತು ಬಿಳಿ ಪೆಟ್ರೋಲಿಯಂ ಜೆಲ್ಲಿಯನ್ನು ಹೋಲಿಸಿದ 1996ರ ಅಧ್ಯಯನದಲ್ಲಿ ಎರಡೂ ಕಡೆ ಸೋಂಕು ಶೇ. 2ರ ಆಸುಪಾಸು ಅಥವಾ ಅದಕ್ಕೂ ಕಡಿಮೆ.

ಮುಪಿರೋಸಿನ್ 2% ಇರುವುದು ಇಂಪೆಟಿಗೋದಂಥ ಚರ್ಮದ ಸೋಂಕಿಗೆ, ವೈದ್ಯರ ಚೀಟಿ ಮೇಲೆ, ಹೆಚ್ಚೆಂದರೆ 10 ದಿನ. ಸ್ಯೂಡೋಮೊನಾಸ್ ಮೇಲೆ ಅದು ನಡೆಯುವುದಿಲ್ಲ. ಆ ಮುಲಾಮಿನ ತಳದಲ್ಲಿರುವ ಪಾಲಿಎಥಿಲಿನ್ ಗ್ಲೈಕಾಲ್ ದೊಡ್ಡ ತೆರೆದ ಗಾಯದಿಂದ ಒಳಗೆ ಹೀರಿ ಹೋಗುವುದರಿಂದ, ಕಿಡ್ನಿ ದುರ್ಬಲ ಇರುವವರಿಗೆ ತೊಂದರೆ. ಸೋಫ್ರಾಮೈಸಿನ್ (ಫ್ರಾಮೈಸೆಟಿನ್), ನಿಯೋಮೈಸಿನ್ ಎರಡಕ್ಕೂ ಅಲರ್ಜಿ ಬರುತ್ತದೆ, ಒಂದಕ್ಕೆ ಬಂದರೆ ಇನ್ನೊಂದಕ್ಕೂ ಬರಬಹುದು. ಗಾಯದ ಸುತ್ತ ತುರಿಕೆ, ಸಣ್ಣ ಗುಳ್ಳೆ ಎದ್ದಾಗ ಜನ ಸೋಂಕು ಹೆಚ್ಚಾಯಿತೆಂದು ಇನ್ನಷ್ಟು ಬಳಿಯುತ್ತಾರೆ. ಹೆಚ್ಚಿನ ಎಡವಟ್ಟು ಆಗುವುದು ಇಲ್ಲಿಯೇ. ಸ್ಟಿರಾಯ್ಡ್ ಬೆರೆಸಿದ ಟ್ಯೂಬ್ ಮಾತ್ರ ಗಾಯದ ಹತ್ತಿರವೂ ಬೇಡ, ಮಾಗುವುದೇ ತಡವಾಗುತ್ತದೆ.

ಕಾಪು_ಹೋಮ್‌ಕೇರ್:
ಹಾಗಾದರೆ ಮೊದಲ ದಿನ ಕ್ರಮ ಹೇಗೆ?

ಡ್ರೆಸ್ಸಿಂಗ್_ಉಡುಪಿ:
ಮಳೆಗಾಲದಲ್ಲಿ ಬಾವಿ ನೀರು ಕಲಕಿರುತ್ತದೆ, ಹಾಗಾಗಿ ಕುದಿಸಿ ಆರಿಸಿಯೇ ಬಳಸಿ. ಲೀಟರಿಗೆ 9 ಗ್ರಾಂ ಉಪ್ಪು ಹಾಕಿದರೆ ಸಲೈನ್ ಆಯಿತು, ಅವತ್ತೇ ಮುಗಿಸಿ. ಧಾರೆಯಾಗಿ ಬಿಟ್ಟು ಐದು ನಿಮಿಷ ತೊಳೆಯಿರಿ. ಮುರಕಲ್ಲಿನ ಹುಡಿ, ಹೊಯ್ಗೆ ಒಂದು ಕಣವೂ ಒಳಗೆ ಉಳಿಯಬಾರದು. ಸ್ಪಿರಿಟ್, ಹೈಡ್ರೋಜನ್ ಪೆರಾಕ್ಸೈಡ್ ಹೊಸ ಚರ್ಮದ ಕೋಶಗಳನ್ನೇ ಸುಡುತ್ತವೆ. ಆಮೇಲೆ ತೆಳುವಾಗಿ ಪೆಟ್ರೋಲಿಯಂ ಜೆಲ್ಲಿ, ಮೇಲೆ ಗಾಯಕ್ಕೆ ಅಂಟದ ಗಾಝ್ (ಡ್ರೆಸ್ಸಿಂಗ್‌ನ ಜಾಳು ಬಟ್ಟೆ).

ದಿನಕ್ಕೊಮ್ಮೆ ಬದಲಿಸಿದರೆ ಸಾಕು, ಒದ್ದೆಯಾದರೆ ಆಗಲೇ ಬದಲಿಸಿ. ನಮ್ಮ ಜುಲೈಯ ತೇವದಲ್ಲಿ ಅಂಚು ಬೆಳ್ಳಗೆ ಮೆತ್ತಗಾಗಿ ನೆನೆಯುವುದೇ ದೊಡ್ಡ ತಲೆನೋವು. ಹಾಗೆ ಕಂಡರೆ ಜೆಲ್ಲಿ ಕಡಿಮೆ ಮಾಡಿ, ಬಟ್ಟೆ ದಿನಕ್ಕೆ ಎರಡು ಸಲ ಬದಲಿಸಿ. ಕೊಳಕು ಗಾಯವಾಗಿ, ಕೊನೆಯ ಟಿಟಿ (ಧನುರ್ವಾಯು ಚುಚ್ಚುಮದ್ದು) ಹಾಕಿ 5 ವರ್ಷ ಆಗಿದ್ದರೆ ಮತ್ತೆ ಹಾಕಿಸಬೇಕು.

ಸೂಕ್ಷ್ಮಾಣು_ಕುಡ್ಲ:
ಒಂದು ಮಾತು ಬಿಟ್ಟುಹೋಗಿತ್ತು. ಶುಗರ್ ಇರುವವರು ಗದ್ದೆ, ಕೆಸರಿನಲ್ಲಿ ಓಡಾಡಿದ ಮೇಲೆ ಗಾಯ ಮಾಗದೆ ಜ್ವರ ಬಂದರೆ ಮೆಲಿಯಾಯ್ಡೋಸಿಸ್ ಎಂಬ ಬ್ಯಾಕ್ಟೀರಿಯಾ ಸೋಂಕು ನೆನಪಿರಲಿ, ನಮ್ಮ ಕರಾವಳಿ ಮಣ್ಣಿನಲ್ಲಿ ಆ ಬ್ಯಾಕ್ಟೀರಿಯಾ ಉಂಟು. ಜೆಂಟಾಮೈಸಿನ್ ಎಂಬ ಆ್ಯಂಟಿಬಯಾಟಿಕ್ ಅದಕ್ಕೆ ಸಾಮಾನ್ಯವಾಗಿ ನಾಟುವುದಿಲ್ಲ, ಮುಲಾಮಿನಿಂದ ವಾಸಿಯೂ ಆಗುವುದಿಲ್ಲ. ಆಸ್ಪತ್ರೆಯಲ್ಲಿ ಕೀವನ್ನು ಕಲ್ಚರ್‌ಗೆ (ಲ್ಯಾಬಿನಲ್ಲಿ ಬ್ಯಾಕ್ಟೀರಿಯಾ ಬೆಳೆಸಿ ಗುರುತಿಸುವ ಪರೀಕ್ಷೆಗೆ) ಕಳಿಸುವಾಗ ಈ ಸಂಶಯವನ್ನು ಚೀಟಿಯಲ್ಲೇ ಬರೆಸಿ. ಇಲ್ಲದಿದ್ದರೆ ಲ್ಯಾಬಿನಲ್ಲಿ ಸ್ಯೂಡೋಮೊನಾಸ್ ಎಂದು ತಪ್ಪಾಗಿ ಗುರುತಿಸುವ ಸಾಧ್ಯತೆ ಉಂಟು. ಮಾದರಿ ತೆಗೆಯುವ ತನಕ ಯಾವ ಮುಲಾಮೂ ಹಚ್ಚಬೇಡಿ.